ಕೇಳುವವರ ಹೆಗಲ ಮೇಲೆ

ಹೊಸದುರ್ಗ ತಾಲ್ಲೂಕಿನ ಬಾಗೂರು ಕಡೆಯ ನೀರುಗಂಟಿಯೊಬ್ಬರು ಬೆಳಿಗ್ಗೆ ಬೋರ್‌ವೆಲ್ ಬಳಿ ನಿಂತು ಫೋನನ್ನು ಪೈಪಿನ ಬಾಯಿಗೆ ಹಿಡಿದರು. ಮಾತಾಡಲಿಲ್ಲ. ನೀರು ಬೀಳುತ್ತ ನಡುನಡುವೆ ಗಾಳಿ ಕಕ್ಕುವ ಸದ್ದು, ಅಷ್ಟೇ. ವಾಟ್ಸಾಪಿನಲ್ಲಿ ಅದು ಮೆಕ್ಯಾನಿಕ್‌ಗೆ ಹೋಯಿತು. ಸ್ವಲ್ಪ ಹೊತ್ತಿಗೆ ಆತನ ದನಿ ಬಂತು: “ಮೋಟ್ರು ಆಫ್ ಮಾಡಣ್ಣ, ನೀರು ಕೆಳಗಿಳ್ದೈತೆ. ಹಂಗೇ ಓಡಿಸಿದ್ರೆ ಸುಟ್ಟೋಗುತ್ತೆ.” ಸಬ್‌ಮರ್ಸಿಬಲ್ ಮೋಟರು ತಣ್ಣಗಿರುವುದೇ ಸುತ್ತಲಿನ ನೀರಿನಿಂದ. ಆ ಸದ್ದನ್ನು ಬರೆದು ತಿಳಿಸಲು ಯಾವ ಪಂಡಿತನಿಗೂ ಆಗದು. ಕೈ ತುಂಬ ಗ್ರೀಸು ಮೆತ್ತಿಕೊಂಡು ಒತ್ತಕ್ಷರ ಹುಡುಕಲಾಗದವರಿಗೆ 2013ರಲ್ಲಿ ವಾಟ್ಸಾಪಿಗೆ ಬಂದ ಆ ಮೈಕಿನ ಗುರುತು ನಿಜವಾಗಿಯೂ ಉಪಕಾರ ಮಾಡಿದೆ.

ಅದೇ ಫೋನಿಗೆ ಮೇಲಧಿಕಾರಿಗಳಿಂದ ಬರುವ ದನಿಯ ಗುಣ ಬೇರೆ. ಸಭೆ ಮುಂದಕ್ಕೆ ಹೋಗಿದೆ, ಯಾವ ಓಣಿಗೆ ಎಂದು ನೀರು, ಯಾವ ದಾಖಲೆ ತರಬೇಕು, ಎಲ್ಲವೂ ಒಂದೇ ಉಸಿರಿನ ಉದ್ದ ಭಾಷಣ. ಬೇಕಾದ ತಾರೀಖು ಎಲ್ಲೋ ನಡುವೆ ಹುದುಗಿರುತ್ತದೆ. ಅದಕ್ಕಾಗಿ ಮೊದಲಿಂದ ಮತ್ತೆ ಕೇಳಬೇಕು. ಬರೆಯುವವನು ಒಂದು ಸಲ ಪಡಬೇಕಾದ ಶ್ರಮವನ್ನು ಗುಂಪಿನ ಪ್ರತಿಯೊಬ್ಬರೂ ಪಡುತ್ತಾರೆ.

1877ರಲ್ಲಿ ಫೋನೋಗ್ರಾಫ್ ಕಂಡುಹಿಡಿದ ಎಡಿಸನ್, ಮರುವರ್ಷ ಅದರ ಉಪಯೋಗಗಳನ್ನು ಪಟ್ಟಿ ಮಾಡಿದಾಗ ಮೊದಲು ಹೇಳಿದ್ದು ಸಂಗೀತವನ್ನಲ್ಲ. ಶೀಘ್ರಲಿಪಿಗಾರನಿಲ್ಲದೆ ಪತ್ರ ಹೇಳಿಬಿಡುವುದನ್ನು. ಮುಂದೆ ಕಚೇರಿಗಳಿಗೆ ಬಂದ ಡಿಕ್ಟಾಫೋನಿನ ಹಿಂದೆ ಬೆರಳಚ್ಚುಗಾರ್ತಿಯರಿದ್ದರು. ಸಾಹೇಬರ ತಡವರಿಕೆ, ಪುನರುಕ್ತಿಗಳನ್ನು ಕಳೆದು ಓದುವಂಥ ಕಾಗದ ಮಾಡುತ್ತಿದ್ದವರು ಅವರು. ಇಂದು ಆ ಕುರ್ಚಿ ಖಾಲಿ. ಅವರ ಕೆಲಸ ಸಂಬಳವಿಲ್ಲದೆ ಕೇಳುವವರ ಹೆಗಲಿಗೆ ಬಂದಿದೆ.

ಕೇಳುವುದಕ್ಕೂ ಒಂದು ಜಾಗ ಬೇಕಲ್ಲ! ಬಾಣಂತಿಯ ಮನೆಯಲ್ಲಿ ಕೂತ ಆಶಾ ಕಾರ್ಯಕರ್ತೆ, ಇನ್ನೊಬ್ಬರ ಆರೋಗ್ಯದ ಮಾತಿರಬಹುದಾದ ಆಡಿಯೊವನ್ನು ಸ್ಪೀಕರಿನಲ್ಲಿ ಹಾಕುವಂತಿಲ್ಲ. ಬರಹವಾಗಿದ್ದರೆ ಕಣ್ಣಾಡಿಸಿಬಿಡುತ್ತಿದ್ದಳು. 2021ರಲ್ಲಿ ವಾಟ್ಸಾಪಿಗೆ ದನಿಯನ್ನು ಎರಡರಷ್ಟು ವೇಗದಲ್ಲಿ ಓಡಿಸುವ ಸೌಲಭ್ಯ ಬಂತು, ನಿಜ. ಅದರಿಂದ ಹೊತ್ತು ಉಳಿಯುತ್ತದೆ, ಮರೆ ಸಿಗುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಆಜ್ಞೆ ಬಾಯಿಮಾತಲ್ಲಿ ಇಳಿಯುತ್ತದೆ. ವರದಿ ಮಾತ್ರ ನಮೂನೆ, ಅಂಕಿ, ಫೋಟೊ ಆಗಿ ಹತ್ತಬೇಕು. ಬರೆಯುವುದು ಸುಲಭವಾಗಿರುವವರು ಮಾತಾಡುತ್ತಾರೆ, ಕಷ್ಟವಾಗಿರುವವರು ಬರೆಯುತ್ತಾರೆ. ಇದು ತಿರುಗಾಮುರುಗಾ ಆಗಬೇಕು.

ಆಗದ ಮಾತೇನೂ ಅಲ್ಲ. ಛತ್ತೀಸ್‌ಗಢದಲ್ಲಿ 2010ರಲ್ಲಿ ಶುರುವಾದ ಸಿಜಿನೆಟ್ ಸ್ವರ ಎಂಬ ದನಿ ವೇದಿಕೆಯಲ್ಲಿ ಹಳ್ಳಿಯವರು ಮಾಮೂಲಿ ಫೋನಿನಿಂದಲೇ ಕೆಟ್ಟ ಕೈಪಂಪು, ಬಾರದ ಕೂಲಿಯ ಬಗ್ಗೆ ತಮ್ಮ ಮಾತಿನಲ್ಲಿ ಹೇಳುತ್ತಿದ್ದರು. ಅದನ್ನು ಪರಿಶೀಲಿಸಿ ನಾಲ್ಕು ಸಾಲಿಗಿಳಿಸುವ ಹೊಣೆ ಕೇಳುವ ಸಂಸ್ಥೆಯದು. ಅಲ್ಲೂ ಶ್ರಮ ಕೇಳುವವರದೇ, ಆದರೆ ಹೊರಬಲ್ಲವರದು.

ಒಡೆದ ವಾಲ್ವಿನ ವಿಡಿಯೊ ಕಳಿಸಿದ ನೀರುಗಂಟಿಗೆ “ಬರವಣಿಗೆಯಲ್ಲಿ ಕೊಡು” ಎನ್ನುವ ಯಾವುದೇ ಕಚೇರಿ, ಆ ವಿಡಿಯೊವನ್ನೇ ದೂರೆಂದು ದಾಖಲಿಸಿ, ಬೇಕಾದ ಎರಡು ಸಾಲನ್ನು ತಾನೇ ಬರೆದುಕೊಳ್ಳಬಹುದು. ಮೇಜು, ಕಂಪ್ಯೂಟರು, ಬರೆದು ಪಳಗಿದ ಕೈ ಇರುವುದು ಅಲ್ಲಿಯೇ.