ಧಾತು ತಿಳಿದರೆ ಅರ್ಥ ತಿಳಿಯಿತೇ?

ಇಂಗ್ಲಿಷಿನಲ್ಲಿ ‘ಕ್ಲ್ಯಾಂಬರ್’ ಎಂಬ ಕ್ರಿಯಾಪದವಿದೆ. ಸಲೀಸಾಗಿ ಹತ್ತುವುದಕ್ಕೆ ಅದನ್ನು ಬಳಸುವುದಿಲ್ಲ. ಸಿಕ್ಕಿದ ಕಲ್ಲು ಹಿಡಿದು, ಮೊಣಕಾಲು ಊರಿ, ಹೇಗೋ ಮೈಯನ್ನು ಮೇಲಕ್ಕೆಳೆದುಕೊಳ್ಳುವ ಪರದಾಟಕ್ಕೆ ಆ ಮಾತು. 14ನೇ ಶತಮಾನದಿಂದ ಬರಹದಲ್ಲಿ ಕಾಣುವ ಈ ಪದದ ಮೂಲದ ಬಗ್ಗೆ ನಿಘಂಟುಕಾರರು ಖಚಿತವಾಗಿ ಏನೂ ಹೇಳುವುದಿಲ್ಲ. ಹತ್ತು ಎಂಬರ್ಥದ ‘ಕ್ಲೈಂಬ್’ನ ಹಳೆಯ ಭೂತಕಾಲ ರೂಪದಿಂದ ಬಂದಿರಬಹುದು, ಅದುಮಿ ಹಿಡಿ ಎಂಬರ್ಥದ ಹಳೆಯ ನಾರ್ಸ್ ಪದದ ನಂಟೂ ಇರಬಹುದು. ಒಂದು ಮೂಲದಲ್ಲಿ ಕಾಲಿನ ಕೆಲಸ ಹೆಚ್ಚು, ಇನ್ನೊಂದರಲ್ಲಿ ಕೈಯದು. ಆದರೆ ಬಂಡೆಯೇರುವ ಹುಡುಗನನ್ನು ನೋಡಿ ಆ ಪದ ಆಡುವವರು ಈ ತಕರಾರು ಇತ್ಯರ್ಥವಾಗಲೆಂದು ಕಾಯುವುದಿಲ್ಲ. ಮೂಲ ಯಾವುದಾದರೂ ಅರ್ಥ ಅದೇ. ಅಂದಮೇಲೆ ಪದದ ನಿಜಾರ್ಥ ಧಾತುವಿನಲ್ಲಿ ಅಡಗಿದೆ ಎಂದು ನಮ್ಮ ಪ್ರವಚನಕಾರರು ಹೇಳುತ್ತ ಬಂದಿರುವುದಕ್ಕೆ ಆಧಾರವೇನು?

ವೇದದ ಪದಗಳನ್ನು ಬಿಡಿಸಿ ವಿವರಿಸುವ ಪ್ರಾಚೀನ ಗ್ರಂಥ, ಯಾಸ್ಕರ ನಿರುಕ್ತವೇ ಆಧಾರ ಎನ್ನಬಹುದು. ನಾಮಪದಗಳೆಲ್ಲ ಧಾತುಜನ್ಯ ಎಂಬ ವೈಯಾಕರಣ ಶಾಕಟಾಯನರ ಮತವನ್ನು ಯಾಸ್ಕರು ಎತ್ತಿಹಿಡಿಯುತ್ತಾರೆ, ನಿಜ. ಅದೇ ಗ್ರಂಥ ಗಾರ್ಗ್ಯರ ಆಕ್ಷೇಪವನ್ನೂ ಮುಚ್ಚಿಡುವುದಿಲ್ಲ: ದಾರಿಯನ್ನು ವ್ಯಾಪಿಸುವುದರಿಂದ ಕುದುರೆ ‘ಅಶ್ವ’ವಾದರೆ, ದಾರಿ ಸವೆಸುವವರೆಲ್ಲ ಅಶ್ವಗಳೇ ಆಗಬೇಕಲ್ಲ? ಒಂದೇ ಕೆಲಸ ಮಾಡುವವರಲ್ಲಿ ಕೆಲವರಿಗೆ ಹೆಸರು ಅಂಟುತ್ತದೆ, ಕೆಲವರಿಗಿಲ್ಲ ಎಂದು ಯಾಸ್ಕರ ಉತ್ತರ. ಮರ ಕೆತ್ತಿದವರೆಲ್ಲ ‘ತಕ್ಷ’ರಲ್ಲ, ಊರೂರು ಅಲೆದವರೆಲ್ಲ ಪರಿವ್ರಾಜಕರಲ್ಲ. ಜಾಣ ಉತ್ತರವೇ, ಆದರೆ ಕೇಳಿದ್ದನ್ನು ಒಪ್ಪಿಕೊಂಡಂತೆಯೂ ಆಯಿತು. ಯಾರಿಗೆ ಅಂಟಬೇಕೆಂದು ತೀರ್ಮಾನಿಸಿದ್ದು ಧಾತುವಲ್ಲ, ಆಡುವ ಜನ. ಮೀಮಾಂಸಕರು ಧಾತುವಿನಿಂದ ಹೊರಡುವ ಯೋಗಾರ್ಥಕ್ಕಿಂತ ಬಳಕೆಯಲ್ಲಿ ನೆಲೆನಿಂತ ರೂಢಾರ್ಥವೇ ಬಲಿಷ್ಠವೆಂದು ನೇರವಾಗಿಯೇ ಹೇಳಿದರು. ದರ್ಭೆ ಕೊಯ್ಯುವವನೆಂದು ಶಾಸ್ತ್ರಕಾರರು ಬಿಡಿಸುವ ‘ಕುಶಲ’ ಇಂದು ಯಾವ ಕಸುಬಿನ ಜಾಣನಿಗೂ ಸಲ್ಲುತ್ತದೆ. (‘ರೂಢಿ’ಯೂ ಹತ್ತು, ಬೆಳೆ ಎಂಬರ್ಥದ ‘ರುಹ್’ ಧಾತುವಿನಿಂದಲೇ ಬಂದದ್ದು, ಅದರಿಂದ ಏನನ್ನಾದರೂ ಸಾಧಿಸಹೊರಟರೆ ನನ್ನ ವಾದ ನನಗೇ ತಿರುಗಿಬಿದ್ದೀತು.)

ಹಾಗಾದರೆ ಶ್ರುತಿಯೇ ಪದ ಬಿಡಿಸಿ ಕೊಡುವ ನಿರ್ವಚನಗಳೆಲ್ಲ ಹುಸಿಯೇ ಎಂಬ ಪ್ರಶ್ನೆ ಗಟ್ಟಿಯಾದದ್ದು. ಛಾಂದೋಗ್ಯ ಉಪನಿಷತ್ತು ‘ಹೃದಯ’ವನ್ನು ‘ಹೃದಿ’, ‘ಅಯಂ’ ಎಂದು ಬಿಡಿಸಿ ಆತ್ಮ ಎದೆಯಲ್ಲೇ ಇದೆ ಎನ್ನುತ್ತದೆ. ಭಾಷಾಶಾಸ್ತ್ರ ಇದನ್ನೊಪ್ಪದು, ಆ ಪದ ಗ್ರೀಕಿನ ‘ಕಾರ್ಡಿಯಾ’, ಇಂಗ್ಲಿಷಿನ ‘ಹಾರ್ಟ್’ಗಳ ದಾಯಾದಿ. ಆದರೆ ಉಪದೇಶ ನಿಂತಿರುವುದು ಆ ಬಿಡಿಕೆಯ ಮೇಲಲ್ಲ. ಹೃದಯದೊಳಗಿನ ಪುಟ್ಟ ಆಕಾಶದ ವಿಚಾರವನ್ನು ಉಪನಿಷತ್ತು ಅದಕ್ಕೂ ಮುಂಚೆಯೇ ಬೆಳೆಸಿದೆ. ಬಿಡಿಕೆ ಅದನ್ನು ಶಿಷ್ಯನ ನೆನಪಿನಲ್ಲಿ ನಿಲ್ಲಿಸುತ್ತದೆ, ಅಷ್ಟೆ. ಅದನ್ನೇ ಪ್ರಮಾಣವೆಂದು ಹಿಡಿದರೆ ಮಾತ್ರ ಪೇಚು: ನಿಘಂಟಿನ ಮುಂದಿನ ಆವೃತ್ತಿಯಲ್ಲಿ ಧಾತು ಬದಲಾದಾಗಲೆಲ್ಲ ಆತ್ಮವೂ ಜಾಗ ಖಾಲಿ ಮಾಡಬೇಕಾಗುತ್ತದೆ.