ಹನಿಯ ಸಾಕ್ಷ್ಯ

ಅನ್ನ ಬೆಂದಿತೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ಪಂಡಿತರು ಇದನ್ನು ಸ್ಥಾಲೀಪುಲಾಕ ನ್ಯಾಯವೆಂದರು. ಅಡಿಗೆಮನೆಯವರಿಗೆ ಆ ಹೆಸರಿನ ಅಗತ್ಯವೇನೂ ಬೀಳಲಿಲ್ಲ. ಇಂದಿನ ರಸಾಯನಶಾಸ್ತ್ರವು ಈ ನ್ಯಾಯವನ್ನು ತುತ್ತತುದಿಗೆ ಒಯ್ದಿದೆ. ೧೯೯೦ರಲ್ಲಿ ಸ್ವಿಟ್ಜರ್‌ಲೆಂಡಿನ ಆಂಡ್ರಿಯಾಸ್ ಮಾಂಜ್ ಮತ್ತು ಸಂಗಡಿಗರು, ಇಡಿಯ ಪ್ರಯೋಗಶಾಲೆಯ ಕೆಲಸವನ್ನು ಒಂದು ಕಿರಿಯ ಬಿಲ್ಲೆಯೊಳಗೆ ಅಡಗಿಸುವ ಕಲ್ಪನೆಯನ್ನು ಮುಂದಿಟ್ಟರು. ಗಾಜಿನಲ್ಲಿ ಕೂದಲೆಳೆಯಷ್ಟು ಸಣ್ಣ ಕಾಲುವೆಗಳನ್ನು ಕೊರೆದು, ಹನಿಯ ಒಂದಂಶವನ್ನು ಅವುಗಳಲ್ಲಿ ಹರಿಯಿಸಿದರೆ ಉತ್ತರ ದೊರೆಯುವುದು.

ಆ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬೇಕು? ರಕ್ತದಲ್ಲಿ ಬೆರೆತ ಸಕ್ಕರೆಗೆ ಅಗುಳಿನ ನ್ಯಾಯ ಸಲ್ಲುತ್ತದೆ. ಬಾವಿಯ ನೀರಿನ ರೋಗಾಣುಗಳಾದರೋ ಅಲ್ಲೊಂದು ಇಲ್ಲೊಂದು. ಒಂದು ಲೀಟರಿಗೆ ಹತ್ತು ಲಕ್ಷ ಮೈಕ್ರೊಲೀಟರುಗಳು. ಲೀಟರಿನಲ್ಲಿ ೧೦೦೦ ರೋಗಾಣುಗಳಿದ್ದರೂ ಸರಾಸರಿಯಲ್ಲಿ ಸಾವಿರ ಮೈಕ್ರೊಲೀಟರುಗಳಿಗೆ ಒಂದೇ ಒಂದು. ಒಂದು ಮೈಕ್ರೊಲೀಟರನ್ನು ನೋಡಿ ‘ಇಲ್ಲ’ ಎಂದ ಯಂತ್ರವು ಸುಳ್ಳಾಡಲಿಲ್ಲ, ಕಂಡಷ್ಟನ್ನು ಹೇಳಿತು. ಆ ಮಾತನ್ನು ಇಡೀ ಬಾವಿಗೆ ಅನ್ವಯಿಸುವವರು ಮನುಷ್ಯರು.

ಸಾಲದುದಕ್ಕೆ, ಪಾತ್ರೆಯೂ ತಟಸ್ಥವಲ್ಲ. ಗಾಜನ್ನು ಕೊರೆಯುವುದು ದುಬಾರಿಯಾದ್ದರಿಂದ ೧೯೯೮ರಲ್ಲಿ ಹಾರ್ವರ್ಡಿನ ಜಾರ್ಜ್ ವೈಟ್‌ಸೈಡ್ಸರ ಬಳಗವು ಸಿಲಿಕೋನ್ ರಬ್ಬರನ್ನು ಅಚ್ಚಿಗೆ ಹೊಯ್ಯುವ ಸುಲಭ ವಿಧಾನವನ್ನು ತೋರಿಸಿತು. ಈ ರಬ್ಬರು ಅಗ್ಗ, ಪಾರದರ್ಶಕ; ಆದರೆ ನೀರಿಗೆ ಒಗ್ಗದ ಸಣ್ಣ ಅಣುಗಳನ್ನು ಹೀರಿಕೊಳ್ಳುವ ಸ್ವಭಾವ ಅದಕ್ಕುಂಟು. ಅಂತಹ ಔಷಧವೊಂದನ್ನು ಅಳೆಯಹೊರಟಾಗ, ಅದರ ಒಂದು ಪಾಲನ್ನು ಅಳತೆಯ ಪಾತ್ರೆಯೇ ಕುಡಿದಿರುತ್ತದೆ!

ಇವೆಲ್ಲ ಬಲ್ಲವರಿಗೆ ಗೊತ್ತಿರುವ ಮಿತಿಗಳು. ತಪ್ಪಿರುವುದು ಮಿತಿಯಲ್ಲಲ್ಲ, ಅದನ್ನು ಮರೆಮಾಡುವುದರಲ್ಲಿ. ಅಮೆರಿಕದ ಥೆರಾನೋಸ್ ಸಂಸ್ಥೆಯು ಬೆರಳ ತುದಿಯ ಕೆಲವೇ ಹನಿ ರಕ್ತದಿಂದ ನೂರಾರು ಪರೀಕ್ಷೆಗಳನ್ನು ಮಾಡುವೆನೆಂದು ಸಾರಿತು. ೨೦೧೫ರಲ್ಲಿ ಪತ್ರಿಕೆಗಳು ಅದರ ಪೊಳ್ಳನ್ನು ಬಯಲಿಗೆಳೆದವು. ೨೦೨೨ರ ಜನವರಿಯಲ್ಲಿ, ಹಣ ಹೂಡಿದವರನ್ನು ವಂಚಿಸಿದುದಕ್ಕೆ ಸ್ಥಾಪಕಿ ಎಲಿಜಬೆತ್ ಹೋಮ್ಸ್ ದೋಷಿಯೆಂದು ತೀರ್ಪಾಯಿತು. ರೋಗಿಗಳನ್ನು ವಂಚಿಸಿದಳೆಂಬ ಆಪಾದನೆಗಳಲ್ಲಿ ಮಾತ್ರ ದೋಷ ನಿಲ್ಲಲಿಲ್ಲ. ಕಾನೂನಿಗೆ ಅದರ ಕಾರಣಗಳಿರಬಹುದು. ಹಣ ಕಳೆದುಕೊಂಡವನ ನಷ್ಟವನ್ನು ಎಣಿಸಲು ಬರುತ್ತದೆ, ತಪ್ಪು ವರದಿಯನ್ನು ನಂಬಿ ನಿದ್ದೆಗೆಟ್ಟವನದನ್ನು ಎಣಿಸುವುದು ಹೇಗೆ?

ವೈಟ್‌ಸೈಡ್ಸರ ಬಳಗವೇ ೨೦೦೭ರಲ್ಲಿ ಕಾಗದದ ತುಂಡಿನಲ್ಲಿ ಕಾಲುವೆಗಳನ್ನು ಮೂಡಿಸಿ, ಸಕ್ಕರೆ ಮತ್ತು ಪ್ರೋಟೀನುಗಳನ್ನು ಬಣ್ಣದಿಂದ ಗುರುತಿಸಿತು. ಬಡವರಿಗೆ ಕಡಿಮೆ ನಿಖರವಾದ ಪರೀಕ್ಷೆಯನ್ನು ಕೊಡುವುದು ಧರ್ಮವೇ ಎಂದು ಕೇಳಬಹುದು. ಪ್ರಯೋಗಶಾಲೆಯೇ ಇಲ್ಲದ ಊರಿನಲ್ಲಿ ಅದು ಧರ್ಮವೆಂದೇ ನನ್ನ ಮತ. ಆದರೆ ಬಣ್ಣ ಬಾರದ ಕಾಗದಕ್ಕೆ ‘ರೋಗವಿಲ್ಲ’ ಎಂಬ ಅರ್ಥವಿಲ್ಲ, ‘ಈ ಹನಿಯಲ್ಲಿ ಕಾಣಲಿಲ್ಲ’ ಎಂದಷ್ಟೇ ಅರ್ಥವೆಂಬುದು ಅದರ ಮೇಲೆಯೇ ಅಚ್ಚಾಗಿರಬೇಕು, ಅದೂ ರೋಗಿಯು ಓದಬಲ್ಲ ನುಡಿಯಲ್ಲಿ.