ವಯಸ್ಸಾಯಿತು, ಕುಡಿಯಲಿ ಬಿಡಿ ಎನ್ನುವುದು ಕರುಣೆಯೇ?

ನಿಮ್ಮ ಊರಿನಲ್ಲೂ ಇಂಥ ಒಬ್ಬ ಅಜ್ಜ ಇರಬಹುದು. ಹೆಂಡತಿ ತೀರಿಕೊಂಡು ಎರಡು ವರ್ಷ. ಮಕ್ಕಳು ಬೆಂಗಳೂರಿಗೆ ಗಾರೆ ಕೆಲಸಕ್ಕೋ ಗಾರ್ಮೆಂಟ್ಸಿಗೋ ಹೋಗಿದ್ದಾರೆ. ಸಂಜೆಯಾದರೆ ಜಗಲಿಯ ಮೇಲೆ ಅವರೊಬ್ಬರೇ, ಕೈಯಲ್ಲಿ ಅಗ್ಗದ ವಿಸ್ಕಿಯ ಸಣ್ಣ ಪೊಟ್ಟಣ. 2007ರ ಜುಲೈಯಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು ನಿಜ, ಆದರೆ ಕುಡಿಯುವವರಿಗೆ ಬೇರೊಂದು ಸಿಕ್ಕಿತು. ಹಬ್ಬಕ್ಕೆ ಬಂದ ಮಗನೇ ಒಂದಷ್ಟು ತಂದಿಟ್ಟು ಹೋಗುತ್ತಾನೆ. ಕೇಳಿದರೆ, "ಇನ್ನೆಷ್ಟು ದಿನ ಇರ್ತಾರೆ? ಕುಡಿಯಲಿ ಬಿಡಿ" ಎನ್ನುತ್ತಾನೆ.

ಈ ಮಾತಿನಲ್ಲಿ ಪ್ರೀತಿಯೇ ಇಲ್ಲವೆಂದು ಹೇಳಲಾರೆ. ಜೀವಮಾನವಿಡೀ ದುಡಿದವರಿಂದ ಇರುವ ಒಂದು ಸುಖವನ್ನೂ ಕಸಿಯಬೇಕೆ ಎಂಬ ಮರುಕ ಅದರಲ್ಲಿದೆ. ಆದರೆ ಸಕ್ಕರೆ ಕಾಯಿಲೆ ಇದೆಯೆಂದು ಇದೇ ಮಗ ತಂದೆಗೆ ಲಾಡು ಕೊಡುವುದಿಲ್ಲ. ಅಲ್ಲಿ "ಇನ್ನೆಷ್ಟು ದಿನ" ಎಂಬ ಮಾತು ಏಕೆ ಬರುವುದಿಲ್ಲ? ಕುಡಿದು ಮಲಗಿದ ಅಪ್ಪ ದೂರು ಹೇಳುವುದಿಲ್ಲ, ರಾತ್ರಿ ಫೋನು ಮಾಡುವುದಿಲ್ಲ. ಆ ಮರುಕ ಯಾರ ನೆಮ್ಮದಿಗಾಗಿ ಎಂದು ನಾವೇ ಕೇಳಿಕೊಳ್ಳಬೇಕಾಗಿದೆ.

ವಯಸ್ಸಾದಂತೆ ದೇಹದಲ್ಲಿ ನೀರಿನ ಅಂಶ ಕಡಿಮೆಯಾಗುತ್ತದೆ. ನಲವತ್ತರಲ್ಲಿ ತಡೆದುಕೊಂಡ ಅಳತೆಯೇ ಎಪ್ಪತ್ತರಲ್ಲಿ ತಲೆಗೇರುತ್ತದೆ. ಜೊತೆಗೆ ಬಿ.ಪಿ. ಮಾತ್ರೆಯೋ ನಿದ್ದೆ ಮಾತ್ರೆಯೋ ಸೇರಿದರೆ ಬಿದ್ದು ಸೊಂಟ ಮುರಿಯುವುದು, ಬುದ್ಧಿ ಮಂಕಾಗುವುದು ಇವೆಲ್ಲ ಸುಲಭ. ಅಜ್ಜಿಯಂದಿರ ಮಾತು ಇನ್ನೂ ಗುಟ್ಟು. ಹಳೆಯ ಚೀಟಿ ತೋರಿಸಿ ತಂದ ನಿದ್ದೆ ಮಾತ್ರೆ ವರ್ಷಗಟ್ಟಲೆ ಸೆರಗಿನ ಗಂಟಿನಲ್ಲಿರುತ್ತದೆ. ಹಳ್ಳಿಯಲ್ಲಿ ಯಾರೂ "ನನಗೆ ಖಿನ್ನತೆ" ಎನ್ನುವುದಿಲ್ಲ. ಮೈಕೈ ನೋವು, ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ ಎನ್ನುತ್ತಾರೆ.

ಇನ್ನೊಬ್ಬ ಮಗ ಇದ್ದಾನೆ. ಅವನು ಬೈದು, ಎಲ್ಲವನ್ನೂ ಚೆಲ್ಲಿ, "ಇದು ಪಾಪ" ಎಂದು ತಂದೆಯನ್ನು ಕೋಣೆಯಲ್ಲಿ ಕೂಡಿಹಾಕುತ್ತಾನೆ. ಬಹುಕಾಲ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್, ಚಿತ್ತಭ್ರಮೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಬಿಡಿಸುವುದು ವೈದ್ಯರ ಕಣ್ಣೆದುರೇ ಆಗಬೇಕು. ಪಾಪದ ಮಾತಿಗೆ ಬಂದರೆ, 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಮಿತಿಮೀರಿದ ಕುಡಿತವನ್ನು ತ್ಯಜಿಸಬೇಕೆನ್ನುತ್ತದೆ. ಅದೇ ಗ್ರಂಥ, ಅಭ್ಯಾಸಬಲ, ಭಯ, ಮನಸ್ಸಿನ ತೊಂದರೆಗಳಿಂದ ಮನುಷ್ಯನ ಹೊಣೆ ಕುಗ್ಗಬಹುದೆಂದೂ ಹೇಳುತ್ತದೆ. ಮೊದಲನೆಯದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಎರಡನೆಯದು ಪ್ರಸಂಗಗಳಲ್ಲಿ ಅಪರೂಪ. ಅಜ್ಜನ ಹೊಣೆ ಕುಗ್ಗಿತೆಂದರೆ ಉಳಿದದ್ದು ಎಲ್ಲಿಗೆ ಹೋಯಿತು? ತಂದೆಯ ಬುದ್ಧಿ ಕುಂದಿದರೂ ಸಹನೆಯಿಂದಿರು ಎಂದು ಸಿರಾಖನು ತನ್ನ ಮೂರನೆಯ ಅಧ್ಯಾಯದಲ್ಲಿ ಹೇಳುವುದು ಮಗನಿಗೆ.

ಬಿಟ್ಟುಬಿಡುವ ಮಗ, ಕಟ್ಟಿಹಾಕುವ ಮಗ, ಇಬ್ಬರೂ ಒಂದು ಪ್ರಶ್ನೆ ಕೇಳಿಲ್ಲ. "ಅಪ್ಪಾ, ಯಾವಾಗಿನಿಂದ ನಿದ್ದೆ ಬರ್ತಿಲ್ಲ?" ಬಹುಶಃ ಅವ್ವ ಹೋದಾಗಿನಿಂದ. ಹಾಗಿದ್ದರೆ ಮದ್ದು ಬೇಕಾದದ್ದು ಆ ದುಃಖಕ್ಕೂ ಹೌದು.

ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ಮಾದರಿಯಾಗಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ಗೆ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಹಣವಿಲ್ಲ. ಮತ್ತೆ, ಮೊದಲ ಶುಕ್ರವಾರ ಗುರುಗಳು ಪರಮಪ್ರಸಾದ ಹಿಡಿದು ಮನೆಗೆ ಬಂದಾಗ, ನಾಚಿಕೆಯಿಂದ "ಅಪ್ಪ ಮಲಗಿದ್ದಾರೆ" ಎಂದು ಬಾಗಿಲಲ್ಲೇ ಕಳುಹಿಸಬೇಡಿ. ಒಳಗೆ ಕರೆಯಿರಿ.